ಕಂಡಕ್ಟರ್ ಬಾಯಿ ಮುಚ್ಚಿದ ತಿಂಗಳು

4 ಜೂನ್ 2012, ಸೋಮವಾರ. ಕಲಬುರಗಿ

ಇವತ್ತಿನಿಂದ ಮಾತು ಬಂದ್. ಪಿಸುಮಾತು ಕೂಡ ಬಂದ್.

ಡಾಕ್ಟರ್ ಮದಿಹಾ ಮೂಗಿನಿಂದ ಒಂದು ಸಣ್ಣ ಕ್ಯಾಮೆರಾ ಇಳಿಸಿ ನನ್ನ ಗಂಟಲನ್ನು ನನಗೇ ಟಿವಿಯಲ್ಲಿ ತೋರಿಸಿದರು. ದನಿ ಹೊರಡಿಸುವ ಎರಡು ಪಟ್ಟಿಗಳ ಮೇಲೂ ಒಂದೊಂದು ಗಂಟು. ಚಪ್ಪಲಿ ಉಜ್ಜಿ ಉಜ್ಜಿ ಕಾಲಿಗೆ ಜಡ್ಡು ಬೀಳುತ್ತದಲ್ಲ, ಅಂಥದ್ದೇ ಅಂತೆ.

"ಇಷ್ಟು ವರ್ಷ ಬಸ್ಸಿನಾಗ ಚೀರೀರಿ. ಈಗ ಒಂದು ತಿಂಗಳು ಸುಮ್ಮನಿರ್ರಿ. ಗಂಟು ತಾನಾಗೇ ಕರಗಿದರ ಛಲೋ. ಕರಗಲಿಲ್ಲಂದ್ರ ಆಪರೇಶನ್. ಆಮ್ಯಾಲ ದನಿ ಹೆಂಗ ಬರ್ತದ, ನಾ ಗ್ಯಾರಂಟಿ ಕೊಡಂಗಿಲ್ಲ" ಅಂದರು.

"ಒಂದು ತಿಂಗಳಾ?" ಅಂದೆ. ಅದೇ ನನ್ನ ಕೊನೆಯ ಮಾತು. ಕೊನೆಯದು ಅಂತ ಮೊದಲೇ ಗೊತ್ತಿದ್ದರೆ ಇನ್ನೂ ಸ್ವಲ್ಪ ಒಳ್ಳೆಯದನ್ನು ಆಡುತ್ತಿದ್ದೆ.

ಡಿಪೋಗೆ ಹೋಗಿ ರಜೆ ಅರ್ಜಿ ಕೊಟ್ಟೆ. ಮ್ಯಾನೇಜರ್ ಸಾಹೇಬರು, "ದನಿ ಬರಲಿಲ್ಲಂದ್ರ ಚಿಂತಿ ಮಾಡಬ್ಯಾಡವಾ ಸುಮಂಗಲಾ, ಆಫೀಸಿನಾಗ ಒಂದು ಕುರ್ಚಿ ಹಾಕಸ್ತೀನಿ" ಅಂದರು. ಸಮಾಧಾನಕ್ಕೆ ಹೇಳಿದ್ದು, ನನಗೆ ಮೈಯೆಲ್ಲ ಉರಿಯಿತು. ಕುರ್ಚಿಯಲ್ಲಿ ಕೂತು ಕಾಗದ ಜೋಡಿಸುವುದಕ್ಕೆ ನಾನು ಕಂಡಕ್ಟರ್ ಆಗಿಲ್ಲ. ಕಲಬುರಗಿ–ಕಮಲಾಪುರ ರೂಟಿನಲ್ಲಿ ನಿದ್ದೆ ಹೋದವರು ಕೂಡ ನನ್ನ ದನಿಗೆ ಎದ್ದು ತಮ್ಮ ಸ್ಟಾಪಿನಲ್ಲಿ ಸರಿಯಾಗಿ ಇಳಿಯುತ್ತಾರೆ. ಆ ದನಿ ನನಗೆ ವಾಪಸು ಬೇಕು. ಬೇರೆ ಏನೂ ಬೇಡ.

ಸಂಜೆ ಇವರು ನಂದೂರಿನ ಬೇಳೆ ಮಿಲ್ಲಿನಿಂದ ಬರುವಾಗ ಒಂದು ಫೋನ್ ತಂದರು. ಸೂಪರ್‌ವೈಸರ್ ಹೊಸದು ಕೊಂಡು ಕೈಬಿಟ್ಟ ಹಳೆಯದು. ಒತ್ತುವ ಗುಂಡಿಗಳೇ ಇಲ್ಲ, ಗಾಜಿನ ಮೇಲೆ ಬೆರಳು ಸವರಬೇಕು. "ಇದರಾಗ ಆಪ್ ಅಂತ ಇರ್ತಾವ. ನಿನ್ನ ಬದಲಿ ಅವೇ ಮಾತಾಡ್ತಾವಂತ" ಅಂದರು. ಮಾತು ನಿಂತ ಹೆಂಡತಿಗೆ ಫೋನ್ ತಂದುಕೊಟ್ಟ ಗಂಡ ಈ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು.

ಇನ್ನೊಂದು ಸುದ್ದಿಯನ್ನು ಊಟ ಆದ ಮೇಲೆ ಹೇಳಿದರು. ಈ ತಿಂಗಳು ನಾನು ಕಮಲಾಪುರದಲ್ಲಿ ಅತ್ತೆಯ ಮನೆಯಲ್ಲಿರಬೇಕಂತೆ. "ಇಲ್ಲಿ ಓಣಿ ಮಂದಿ ಬಂದು ಮಾತಾಡಸ್ತಾರ. ಅಲ್ಲಿ ಅವ್ವ ಒಬ್ಬಾಕಿನೇ ಮಾತಾಡ್ತಾಳ. ನೀ ಬಾಯಿ ತಗಿಯೂ ಪ್ರಸಂಗನೇ ಬರಂಗಿಲ್ಲ."

ಮೊದಲ ಸಲ ಮಾತಿನ ಅಗತ್ಯ ನಿಜವಾಗಿ ಬಿತ್ತು. ತಲೆದಿಂಬು ಎಸೆದು ತೃಪ್ತಿಪಟ್ಟುಕೊಂಡೆ.

6 ಜೂನ್, ಬುಧವಾರ. ಕಮಲಾಪುರ

ಬಂದಾಯಿತು. ಮುದುಕಿ ಬಾಗಿಲಲ್ಲೇ ನಿಂತಿದ್ದಳು.

ನನಗೂ ನನ್ನ ಅತ್ತೆ ಮಾನಮ್ಮನಿಗೂ ಇರುವ ಜಗಳ ನನ್ನ ಮದುವೆಗಿಂತ ಹಳೆಯದು. ಅವಳು ಕಮಲಾಪುರ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾಳೆ. ಬಸ್ಸು ನಿಲ್ಲುತ್ತಲೇ ಬುಟ್ಟಿ ಸಮೇತ ಒಳಗೆ ನುಗ್ಗುವುದು ಅವಳ ಪದ್ಧತಿ, ಇಳಿಸುವುದು ನನ್ನ ಡ್ಯೂಟಿ. ನಮ್ಮಿಬ್ಬರ ಗದ್ದಲ ಬಿಡಿಸಲು ಒಂದು ದಿನ ಅವಳ ಮಗ ಬಂದರು. ಮರುದಿನವೂ ಬಂದರು. ಆಮೇಲೆ ಜಗಳವಿಲ್ಲದ ದಿನವೂ ಬರತೊಡಗಿದರು. ಮದುವೆಗೆ ಮೊದಲು "ಏ ಮುದುಕಿ, ಇಳಿ" ಅನ್ನುತ್ತಿದ್ದೆ, ಮದುವೆಯ ನಂತರ "ಅತ್ತಿ, ಇಳೀರಿ" ಅನ್ನುತ್ತೇನೆ. ಈ ಎರಡು ವರ್ಷದಲ್ಲಿ ಬದಲಾದದ್ದು ಅಷ್ಟೇ.

ಇವತ್ತು ಬೆಳಿಗ್ಗೆಯಿಂದ ಅವಳಿಗೆ ಹಬ್ಬ. ನಾನು ಕಸ ಹೊಡೆದದ್ದು ಸರಿಯಿಲ್ಲ, ರೊಟ್ಟಿ ದಪ್ಪ, ನಡಿಗೆ ಗಂಡಸಿನದು. ನಾನು ಸುಮ್ಮನೆ. ಮಧ್ಯಾಹ್ನದ ಹೊತ್ತಿಗೆ ಅವಳ ಉತ್ಸಾಹ ಇಳಿದುಹೋಯಿತು. ಪಕ್ಕದ ಮನೆಯ ಶಂಕ್ರಮ್ಮನ ಹತ್ತಿರ, "ಗ್ವಾಡಿ ಜೋಡಿ ಜಗಳಾ ಮಾಡಿದಂಗ ಆಗಾಕತ್ತದ, ಮಜಾನೇ ಇಲ್ಲ" ಅಂತ ಹೇಳಿಕೊಳ್ಳುವುದು ಕೇಳಿಸಿತು.

ಫೋನಿನಲ್ಲಿ ಮೊದಲು ನೋಡಿದ್ದು ನೋಟ್ಸ್ ಆಪ್. ಬರೆದು ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ, ನನಗೆ ಅದು ನೆನಪಾಗಲಿಲ್ಲ. ಇಬ್ಬರಿಗೂ ಪೆಚ್ಚಾಯಿತು. ಆ ಆಪನ್ನು ಮೊದಲ ಸ್ಟಾಪಿನಲ್ಲೇ ಇಳಿಸಿದೆ.

9 ಜೂನ್, ಶನಿವಾರ

ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ತಾರಿಖ್ ಎಂಬವರ ಮೊಬೈಲ್ ಅಂಗಡಿ ಇದೆ. ಇಂಟರ್ನೆಟ್ ಪ್ಯಾಕ್ ಹಾಕಿಸಿಕೊಂಡು, ಗಂಟಲು ಮುಟ್ಟಿ ತೋರಿಸಿ, ಕೈ ಆಡಿಸಿದೆ. ಅವರು ಅರ್ಥ ಮಾಡಿಕೊಂಡು, ನಾವು ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವ ಆಪ್ ಒಂದನ್ನು ಹತ್ತಿಸಿಕೊಟ್ಟರು. "ಅಕ್ಕಾ, ಇದಕ್ಕ ಬರೇ ಇಂಗ್ಲಿಷ್ ಬರ್ತದ. ಕನ್ನಡನೂ ಇಂಗ್ಲಿಷ್ ಅಕ್ಷರದಾಗೇ ಬರೀರಿ, ಹೆಂಗರೆ ಮಾಡಿ ಓದ್ತದ."

ಮನೆಗೆ ಬಂದು "ಚಾಹಾ ಬೇಕು" ಅಂತ ಒತ್ತಿದೆ. ವಿಮಾನದಲ್ಲಿ ಕೆಲಸ ಮಾಡುವ ಹೆಂಗಸಿನಂಥ ದನಿ "ಛಾಹಾ ಬೀಖೂ" ಅಂದಿತು. ಮುದುಕಿ ತಲೆ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು.

"ಯಾರಿವರು? ಯಾವ ಮೇಡಂನೋರು?"

ಫೋನ್ ತೋರಿಸಿದೆ. ಮತ್ತೆ ಒತ್ತಿದೆ. ಮೇಡಂ ಮತ್ತೆ ಕೇಳಿದರು.

"ಮಾಡ್ತೀನ್ರೀ, ಕೂಡ್ರಿ" ಅಂದು ಒಳಗೆ ಹೋಗಿ ಶುಂಠಿ ಜಜ್ಜಿ ಹಾಕಿ ಚಹಾ ತಂದಳು. ಫೋನಿನ ಮುಂದೆ ಇಟ್ಟಳು. ನಾನು ಕುಡಿದೆ. ಅದು ಮಶೀನು ಅಂತ ಅವಳಿಗೆ ಗೊತ್ತಿಲ್ಲದೆ ಇಲ್ಲ. ನಾನು ನಗುವುದನ್ನು ನೋಡಿ, "ಮಶೀನ ಆದ್ರೇನಾತು, ಆಕಿ ಮರ್ಯಾದಿಲೆ ಕೇಳ್ತಾಳ. ನೀ ಎಂದರೆ ಕೇಳೀಯೇನು?" ಅಂದಳು.

ಸಂಜೆ ಅವಳು ರೊಟ್ಟಿಯ ದಪ್ಪದ ವಿಷಯ ಮತ್ತೆ ತೆಗೆದಾಗ "ಬಾಯಿ ಮುಚ್ಚು" ಅಂತ ಟೈಪ್ ಮಾಡಿದೆ. ಮೇಡಂ ಅದನ್ನು ಎಷ್ಟು ನಯವಾಗಿ ಹೇಳಿದರೆಂದರೆ, ಮುದುಕಿ "ಆತ್ರೀ" ಅಂದು ನಿಜಕ್ಕೂ ಬಾಯಿ ಮುಚ್ಚಿದಳು. ಈ ಆಪ್‌ಗೆ ಕಿಟಕಿ ಸೀಟು.

11 ಜೂನ್, ಸೋಮವಾರ

ಕನ್ನಡ ಪೇಪರಿನ ವೆಬ್‌ಸೈಟ್ ತೆರೆದರೆ ಸಾಲು ಸಾಲು ಡಬ್ಬಿಗಳು. ಅಕ್ಷರ ಒಂದೂ ಇಲ್ಲ. ಈ ಫೋನಿಗೆ ಕನ್ನಡ ಗೊತ್ತೇ ಇಲ್ಲವಂತೆ. ತಾರಿಖ್ ಬೇರೊಂದು ಬ್ರೌಸರ್ ಹಾಕಿ, ಅದರೊಳಗೆ ಎಲ್ಲೋ ಬಚ್ಚಿಟ್ಟಿದ್ದ ಒಂದು ಸೆಟ್ಟಿಂಗ್ ಬದಲಿಸಿದರು. ಡಬ್ಬಿಗಳೆಲ್ಲ ಹೋಗಿ ಅಕ್ಷರಗಳು ಬಂದವು. ಒತ್ತಕ್ಷರ ಆಚೀಚೆ ಇದ್ದವು, ಆದರೂ ಕನ್ನಡ. ಅಂಗಡಿಯಲ್ಲೇ ನಿಂತು ಹವಾಮಾನದ ಸುದ್ದಿಯನ್ನು ಪೂರ್ತಿ ಓದಿದೆ, ಹವಾಮಾನದಲ್ಲಿ ನನಗೆ ಯಾವತ್ತೂ ಆಸಕ್ತಿ ಇರಲಿಲ್ಲ.

ಆಮೇಲೆ ಗಂಟಲಿನ ಗಂಟಿನ ಬಗ್ಗೆ ಹುಡುಕಿದೆ. ಒಂದು ದೊಡ್ಡ ವೆಬ್‌ಸೈಟ್, ಎಡಕ್ಕೆ ಬಲಕ್ಕೆ ಎಳೆದೆಳೆದು ಓದಬೇಕು. ಎಳೆದಷ್ಟೂ ಹೊಸ ರೋಗ. ಬಲತುದಿಗೆ ಬರುವಷ್ಟರಲ್ಲಿ ನಾನು ಸತ್ತೇ ಹೋಗಿದ್ದೆ. ಅದೇ ವೆಬ್‌ಸೈಟಿನ ಮೊಬೈಲ್ ರೂಪ ಬೇರೆ ಇತ್ತು. ಅದರಲ್ಲಿ ಅಕ್ಷರ ದಪ್ಪ, ಮಾತು ಕಡಿಮೆ: ವಿಶ್ರಾಂತಿ ಕೊಡಿ, ನೀರು ಕುಡಿಯಿರಿ, ವೈದ್ಯರ ಮಾತು ಕೇಳಿ. ಹೆದರುವವರು ಮೊಬೈಲ್ ವೆಬ್‌ಸೈಟನ್ನೇ ನೋಡಬೇಕು.

14 ಜೂನ್, ಗುರುವಾರ

ಇವತ್ತು ನಕ್ಕು ಪಕ್ಕೆ ನೋಯುತ್ತಿದೆ. ದನಿ ತೆಗೆಯದೆ ನಗುವುದು ಎಂಥ ಕಷ್ಟ ಅಂತ ಡಾಕ್ಟರಿಗೆ ಗೊತ್ತಿದ್ದರೆ ಅದನ್ನೂ ಬಂದ್ ಮಾಡಿಸುತ್ತಿದ್ದರು.

ಹೊಸದೊಂದು ಆಪ್: ಒಂದು ಬೆಕ್ಕು. ನಾವು ಏನು ಹೇಳಿದರೂ ಅದನ್ನೇ ಚಿಕ್ಕ ಮಕ್ಕಳ ದನಿಯಲ್ಲಿ ತಿರುಗಿ ಹೇಳುತ್ತದೆ. ಅದನ್ನು ಚಾಲೂ ಮಾಡಿ ಕಟ್ಟೆಯ ಮೇಲಿಟ್ಟು ನಾನು ಸೊಪ್ಪು ಸೋಸುತ್ತಿದ್ದೆ. ಅತ್ತೆ ಬಂದು, "ಕಾಡಿ ತಗದಿಲ್ಲ, ಬೇರ ತಗದಿಲ್ಲ, ನಿಮ್ಮವ್ವ ಏನ್ ಕಲಿಸ್ಯಾಳ ನಿನಗ?" ಅಂದಳು. ಬೆಕ್ಕು ಕಿವಿ ಕುಣಿಸಿ "ನಿಮ್ಮವ್ವ ಏನ್ ಕಲಿಸ್ಯಾಳ ನಿನಗ?" ಅಂದಿತು.

ಅತ್ತೆ ಸುತ್ತಲೂ ನೋಡಿದಳು. "ಯಾರs ಅದು?"

"ಯಾರs ಅದು?"

"ನಮ್ಮವ್ವನ ಹೆಸರು ತಗಿಬ್ಯಾಡ, ಹೇಳೀನಿ!"

ಬೆಕ್ಕೂ ಹಾಗೇ ಎಚ್ಚರಿಕೆ ಕೊಟ್ಟಿತು. ಇಬ್ಬರೂ ಪಟ್ಟು ಬಿಡಲಿಲ್ಲ. ಅತ್ತೆಗೆ ಇಷ್ಟು ದಿನ ಸಿಗದಿದ್ದ ಎದುರಾಳಿ ಸಿಕ್ಕಿದ್ದ. ಕೊನೆಗೆ ಅವಳಿಗೇ ಏನನ್ನಿಸಿತೋ, ಸುಮ್ಮನೆ ಕೂತು ಬೆಕ್ಕನ್ನು ನೋಡಿದಳು. "ನಾ ಹಿಂಗ ಮಾತಾಡ್ತೀನೇನ?" ಅಂತ ನನ್ನನ್ನು ಕೇಳಿದಳು. ನಾನು ಹೌದು ಅಂತ ತಲೆ ಆಡಿಸಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಬೆಕ್ಕೂ ನಕ್ಕಿತು. ಆಮೇಲೆ ಸಂಜೆಯವರೆಗೆ ಅದಕ್ಕೆ "ಕೆಂಪ ಬಾಳಿಹಣ್ಣs" ಅಂತ ಕೂಗಲು ಕಲಿಸಿದಳು. ಸೊಪ್ಪು ಹಾಗೇ ಬಾಡಿತು.

18 ಜೂನ್, ಸೋಮವಾರ

ಫೋನಿನಲ್ಲಿ ಜಾಗ ಇಲ್ಲ. ಹೊಸ ಆಪ್ ಹತ್ತಿಸಬೇಕೆಂದರೆ ಹಳೆಯದನ್ನು ಇಳಿಸಬೇಕು. ದಿಕ್ಕು ತೋರಿಸುವುದನ್ನು ಇಳಿಸಿದೆ, ಕಮಲಾಪುರದಲ್ಲಿ ದಿಕ್ಕು ತಪ್ಪುವಷ್ಟು ದೂರ ಯಾರೂ ಹೋಗುವುದಿಲ್ಲ. ಒಲೆಯ ಮೇಲಿನ ರೊಟ್ಟಿ ಹಂಚು ಸಮ ಇದೆಯೋ ಅಂತ ನೋಡುವ, ಗುಳ್ಳೆ ಓಡಾಡುವ ಆಪ್ ಕೂಡ ಇಳಿಯಿತು. ನಮ್ಮ ಹಂಚು ವಾರೆ ಇದೆ ಅಂತ ಅದು ಹೇಳಿದ್ದು ಅತ್ತೆಗೆ ಸೇರಲಿಲ್ಲ.

ಅವುಗಳ ಜಾಗದಲ್ಲಿ ಶಬ್ದ ಅಳೆಯುವ ಆಪ್ ಬಂತು. ಮುಳ್ಳು ಓಡುತ್ತದೆ. ಶಂಕ್ರಮ್ಮನ ಮಿಕ್ಸಿ ಅರ್ಧಕ್ಕೆ ಬಂತು. ಬಸ್ಸಿನ ಹಾರ್ನ್ ಕೆಂಪು ಮುಟ್ಟಿತು. ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತು "ಕೆಂಪ ಬಾಳಿಹಣ್ಣs!" ಅಂದಾಗ ಮುಳ್ಳು ಹಾರ್ನಿಗಿಂತ ಕೂದಲೆಳೆ ಹಿಂದೆ ನಿಂತಿತು. ಅವಳಿಗೆ ಹೆಮ್ಮೆಯೋ ಹೆಮ್ಮೆ.

"ನಿಂದು ಎಷ್ಟಿತ್ತು?" ಅಂತ ಕೇಳಿಬಿಟ್ಟಳು.

ಗೊತ್ತಿಲ್ಲ. ದನಿ ಇದ್ದಾಗ ಅಳೆಯುವ ಯೋಚನೆ ಯಾರಿಗೆ ಬರುತ್ತದೆ? ಅವಳು ನನ್ನ ಮುಖ ನೋಡಿ ಬುಟ್ಟಿಯ ಹಣ್ಣು ಸರಿಮಾಡತೊಡಗಿದಳು. ಸರಿಮಾಡುತ್ತಲೇ, "ಹಾರ್ನಿಗಿಂತ ಜಾಸ್ತಿನೇ ಇತ್ತು ಬಿಡು. ನನ್ನ ಬುಟ್ಟಿ ಕೈಯಾಗಿಂದ ಜಾರ್ತಿತ್ತು" ಅಂದಳು.

19 ಜೂನ್

ಬೆಳಗಿನ ಜಾವ ಕನಸಿನಲ್ಲಿ ಬಸ್ ತುಂಬಿತ್ತು. ಬಾಯಿ ತೆಗೆದೆ, ಮೇಡಂ ದನಿ ಬಂತು. ಯಾರೂ ಇಳಿಯಲಿಲ್ಲ. ನನಗೆ ತುಂಬ ಹೆದರಿಕೆಯಾಗುತ್ತಿದೆ.

24 ಜೂನ್, ಭಾನುವಾರ

ಮನೆಯಲ್ಲಿ ಒಬ್ಬಳೇ ಕೂತು ಗಂಟಲು ಮುಟ್ಟಿಕೊಳ್ಳುವುದು ಸಾಕಾಗಿ ಅತ್ತೆಯ ಜೊತೆ ಬಸ್‌ಸ್ಟ್ಯಾಂಡಿಗೆ ಹೋದೆ. ಕಂಬದ ಬುಡದಲ್ಲಿ ಅವಳ ಜಾಗ. ಅಲ್ಲಿ ಕೂತು ನೋಡಿದರೆ ಬಸ್ಸು ಬೇರೆಯೇ ಕಾಣುತ್ತದೆ, ಬಾಗಿಲು ಎತ್ತರ, ಕಂಡಕ್ಟರ್ ಇನ್ನೂ ಎತ್ತರ. ನಮ್ಮವನೇ ಒಬ್ಬ ಕಂಡಕ್ಟರ್ ಅತ್ತೆಯ ಬುಟ್ಟಿಯನ್ನು ಕಾಲಿನಿಂದ ಸರಿಸಿದ. ಅವನ ಹೆಸರು ನನಗೆ ಗೊತ್ತು. ಡ್ಯೂಟಿಗೆ ಹೋದ ದಿನ ಅವನಿಗೆ ಇದೆ.

ಕಲಬುರಗಿ ಸ್ಟೇಶನ್ನಿನಲ್ಲಿ ರೈಲು ಹಿಡಿಯಬೇಕಾದವರು ಇಲ್ಲಿಂದಲೇ ಗಾಬರಿಯಲ್ಲಿರುತ್ತಾರೆ. ಒಬ್ಬ ಅಜ್ಜ ಸೊಲ್ಲಾಪುರದ ಗಾಡಿ ಸಿಗುತ್ತದೋ ಇಲ್ಲವೋ ಅಂತ ಕಂಡಕಂಡವರನ್ನು ಕೇಳುತ್ತಿದ್ದರು. ಫೋನಿನಲ್ಲಿ ರೈಲು ಎಲ್ಲಿದೆ ಅಂತ ತೋರಿಸುವ ಮೊಬೈಲ್ ವೆಬ್‌ಸೈಟ್ ಇತ್ತು. ಚಿತ್ರ ಇಲ್ಲ, ಅಲಂಕಾರ ಇಲ್ಲ, ರೈಲಿನ ನಂಬರ್ ಹಾಕಿದರೆ ಉತ್ತರ. ಸಿಗ್ನಲ್ಲಿಗಾಗಿ ಫೋನನ್ನು ತಲೆ ಮೇಲೆ ಹಿಡಿಯಬೇಕಾಯಿತು, ಅಷ್ಟೇ. ಗಾಡಿ ತಡವಾಗಿದೆ ಅಂತ ಬಂತು. ಮೇಡಂ ಕೈಲಿ ಹೇಳಿಸೋಣವೆಂದರೆ ಆ ಗದ್ದಲದಲ್ಲಿ ಅವರ ದನಿ ನನಗೇ ಕೇಳಲಿಲ್ಲ. ಗಡಿಯಾರ ತೋರಿಸಿ, ಕೈ ನಿಧಾನ ಆಡಿಸಿ ಅತ್ತೆಗೆ ತಿಳಿಸಿದೆ.

"ಸೊಲ್ಲಾಪುರದ ಗಾಡಿ ತಡಾ ಅದ! ಗಡಬಡಿ ಮಾಡಬ್ಯಾಡ್ರಿ, ಹಣ್ಣ ತಿಂದು ಹೋಗ್ರಿ!"

ಆಮೇಲೆ ಜನ ನಮ್ಮ ಸುತ್ತಲೇ. ಹೈದರಾಬಾದ್ ಗಾಡಿ, ಮುಂಬಯಿ ಗಾಡಿ. ನಾನು ನೋಡುವುದು, ಅವಳು ಕೂಗುವುದು. ಮಧ್ಯಾಹ್ನವೇ ಬುಟ್ಟಿ ಖಾಲಿ. ಮನೆಗೆ ಬರುವಾಗ ಅವಳು, "ನಾವಿಬ್ಬರೂ ಕೂಡಿದರ ಒಂದು ಆಫೀಸೇ ಆಗ್ತದ ನೋಡು" ಅಂದಳು. ನಾನು ಆಫೀಸು ಬೇಡ ಅಂತ ಕೈ ಆಡಿಸಿದೆ.

ಈ ವೆಬ್‌ಸೈಟ್ ಇಳಿಸುವ ಪ್ರಶ್ನೆಯೇ ಇಲ್ಲ.

2 ಜುಲೈ, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇವತ್ತು ಡಾಕ್ಟರಿಗೆ ತೋರಿಸುವ ದಿನ. ಅತ್ತೆ ತಾನೂ ಬರುತ್ತೇನೆ ಅಂದಳು. ಡಾಕ್ಟರಮ್ಮನಿಗೆ ಕೊಡಲು ತನ್ನ ಕೈಯಾರೆ ಆರಿಸಿದ ಒಂದು ಚಿಪ್ಪು ಬಾಳೆಹಣ್ಣು ಕೈಚೀಲದಲ್ಲಿ. ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು. ನಾನು ನಿಂತು ಫೋನಿನಲ್ಲಿ ಟೈಪ್ ಮಾಡುತ್ತಿದ್ದೆ, ಮೇಡಂ ಕೈಲಿ ಡಾಕ್ಟರಿಗೆ ನಮಸ್ಕಾರ ಹೇಳಿಸಿ ನಗಿಸಬೇಕು ಅಂತ. ಅತ್ತೆ ಮುಂದೆ ಹೋದಳು. ಚೀಲದ ಕಿವಿ ಹರಿಯಿತು. ಹಣ್ಣುಗಳು ಬಿದ್ದು, ನಿಂತಿದ್ದ ಸೇಡಂ ಬಸ್ಸಿನ ಹಿಂದಕ್ಕೆ ಉರುಳಿದವು. ಹಣ್ಣು ಮಾರುವವಳು ನೆಲಕ್ಕೆ ಬಿದ್ದ ಹಣ್ಣನ್ನು ಬಿಟ್ಟು ಬಂದದ್ದುಂಟೇ? ಬಗ್ಗಿ ಆರಿಸತೊಡಗಿದಳು.

ಬಸ್ಸು ರಿವರ್ಸ್ ಬರತೊಡಗಿತು. ಹಿಂದೆ ನಿಂತು ನೋಡಬೇಕಾದ ಕಂಡಕ್ಟರ್ ಕಂಟ್ರೋಲರ್ ಕಚೇರಿಯಲ್ಲಿ ಬಸ್ಸಿನ ಎಂಟ್ರಿ ಮಾಡಿಸಲು ಹೋಗಿದ್ದ. ಬಗ್ಗಿದ ಮುದುಕಿ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ.

"ಅವ್ವಾ! ಬಾಜೂ ಸರಿ! ಹೋಲ್ಡಾನ್! ಹೋಲ್ಡಾನ್!"

ನನ್ನ ಕೂಗಿಗೆ ಬಸ್ಸು ಗಕ್ಕನೆ ನಿಂತಿತು. ಅದೊಂದೇ ಅಲ್ಲ, ಸ್ಟ್ಯಾಂಡಿನಲ್ಲಿ ಚಲಿಸುತ್ತಿದ್ದ ಬಸ್ಸುಗಳೆಲ್ಲ ನಿಂತವು. ಹೋಲ್ಡಾನ್ ಅಂದರೆ ಡ್ರೈವರುಗಳ ಕಾಲು ತಲೆಯನ್ನು ಕೇಳುವುದಿಲ್ಲ, ನೇರ ಬ್ರೇಕ್ ಮೇಲೆ ಹೋಗುತ್ತದೆ. ಫೋನ್ ಯಾವಾಗ ಕೈಜಾರಿತೋ ಗೊತ್ತಿಲ್ಲ, ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

ಅತ್ತೆ ಸೆರಗಿನಲ್ಲಿ ಹಣ್ಣು ಹಿಡಿದು ಎದ್ದಳು. ಅವಳ ಬೆನ್ನಿಗೂ ಬಸ್ಸಿಗೂ ನಡುವೆ ಒಂದು ಗೇಣು. ಮೊದಲು ಅಂದದ್ದು ಇದು: "ಯಾಕ ಚೀರಿದಿ? ಡಾಕ್ಟರ್ ಬ್ಯಾಡಂದಿಲ್ಲೇನ ನಿನಗ? ತಿಳೀವಲ್ದೇನು?" ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಪ್ಲಾಟ್‌ಫಾರ್ಮಿನ ಅಂಚಿಗೆ ಕುಸಿದು ಕೂತಳು. ಡ್ರೈವರ್ ಇಳಿದು ಬಂದು ಕೈ ಮುಗಿದರು. ಅವಳು ಅವರಿಗೂ ಒಂದು ಹಣ್ಣು ಕೊಟ್ಟಳು, ಯಾಕೆ ಕೊಟ್ಟಳೋ ಅವಳಿಗೂ ಗೊತ್ತಿರಲಿಕ್ಕಿಲ್ಲ.

ಡಾಕ್ಟರ್ ಕ್ಯಾಮೆರಾ ಇಳಿಸಿ ಹುಬ್ಬು ಗಂಟಿಕ್ಕಿದರು. "ಚೀರೀರೇನು?"

ನಾನು ಹೌದು ಅನ್ನುವ ಮೊದಲೇ ಅತ್ತೆ, "ಇಲ್ರೀ ಡಾಕ್ಟರಮ್ಮಾ, ಚೀರಿದಾಕಿ ನಾನು. ನನ್ನ ಮಗಳು ತುಟಿ ಬಿಚ್ಚಿಲ್ಲ. ಬೇಕಂದ್ರ ಕೇಳ್ರಿ, ಹಿಂಗ ಚೀರೀನಿ" ಅಂದವಳೇ "ಹೋಲ್ಡಾನ್!" ಅಂತ ಕೂಗಿ ತೋರಿಸಿದಳು. ಕಾಂಪೌಂಡರ್ ಓಡಿ ಬಂದ. ಹೊರಗೆ ಕೂತಿದ್ದ ರೋಗಿಗಳು ಎದ್ದು ನಿಂತರು.

ಡಾಕ್ಟರ್ ನಗಲಿಲ್ಲ, ಬೈಯಲೂ ಇಲ್ಲ. ಗಂಟು ಬಹುಪಾಲು ಕರಗಿದೆ. ಆದರೆ ಇವತ್ತಿನ ಕೂಗಿಗೆ ಪಟ್ಟಿಗಳು ಕೆಂಪಾಗಿ ಊದಿವೆ. ಇನ್ನೂ ಎರಡು ವಾರ ಮೌನ. ದನಿ ಮೊದಲಿನ ಹಾಗೆ ಬರುತ್ತದೆಯೇ ಅಂತ ಟೈಪ್ ಮಾಡಿ, ಸೀಳಿದ ಗಾಜಿನಲ್ಲೇ ತೋರಿಸಿದೆ. "ಈಗ ಹೇಳಾಕ ಬರಂಗಿಲ್ಲ" ಅಂದರು.

ಇವತ್ತೇ ಮಾತು ಶುರುವಾಗಬೇಕಿತ್ತು. ಒಂದು ಗಂಟೆ ತಡೆದಿದ್ದರೆ ಸಾಕಿತ್ತು. ತಡೆಯುವುದು ಹೇಗೆ? ಕಂಡಕ್ಟರ್ ಅಭ್ಯಾಸ, ಬಸ್ಸಿನ ಹಿಂದೆ ಯಾರಿದ್ದರೂ ಕೂಗುತ್ತಿದ್ದೆ.

3 ಜುಲೈ

ಗಂಟಲು ಉರಿ. ಅತ್ತೆ ವ್ಯಾಪಾರಕ್ಕೆ ಹೋಗಲಿಲ್ಲ. ಯಾಕೆ ಅಂತ ಸನ್ನೆಯಲ್ಲಿ ಕೇಳಿದರೆ, ಹಣ್ಣು ಬಲಿತಿಲ್ಲ ಅಂದಳು. ಬುಟ್ಟಿಯಲ್ಲಿದ್ದವು ಎಲ್ಲ ಬಲಿತಿದ್ದವು.

8 ಜುಲೈ, ಭಾನುವಾರ

ನಿನ್ನೆ ಅತ್ತೆ ತಾನೂ ಮಾತು ಬಿಟ್ಟಳು. "ಇಬ್ಬರೂ ಸುಮ್ಮನಿದ್ದರ ನಿನಗ ಮಾತಿನ ಆಸಿ ಆಗಂಗಿಲ್ಲ" ಅಂತ ಘೋಷಿಸಿ, ಬಾಯಿ ಬಿಗಿದು ಕೂತಳು. ಹಾಲಿನವ ನೀರು ಬೆರೆಸಿದ ಹಾಲು ತರುವವರೆಗೆ ವ್ರತ ನಡೆಯಿತು. ಅವನಿಗೆ ಬಿದ್ದ ಬೈಗಳಲ್ಲಿ ನನ್ನ ಪಾಲೂ ಇತ್ತೋ ಏನೋ.

ಇವತ್ತು ಅವಳು ಸ್ಟ್ಯಾಂಡಿಗೆ ಹೊರಟಳು. ಹೊರಡುವ ಮೊದಲು ಫೋನ್ ಇಸಿದುಕೊಂಡು ಬಾಗಿಲ ಮರೆಗೆ ಹೋದಳು. ತಾರಿಖ್ ಹತ್ತಿರ ದನಿ ರೆಕಾರ್ಡ್ ಮಾಡುವುದನ್ನು ಕಲಿತುಬಂದಿದ್ದಾಳೆ. ಕೆಂಪು ಚುಕ್ಕಿ ಒತ್ತಬೇಕು, ಅಷ್ಟು ಗೊತ್ತು. ಅವಳು ಹೋದ ಮೇಲೆ ಹಾಕಿ ಕೇಳಿದೆ.

"ಸುಮಂಗಲಾ, ಒಲಿ ಮ್ಯಾಲ ಗಂಜಿ ಅದ. ಆರಿಸಿ ಕುಡಿ, ಬಿಸಿ ಕುಡಿಬ್ಯಾಡ. ಶಂಕ್ರವ್ವ ಬಂದರ ಬಾಗಲಾ ತಗಿಬ್ಯಾಡ, ಆಕಿ ಮಾತಾಡಸ್ತಾಳ. ಗಂಟಲಾ ಮುಟ್ಟಿ ಮುಟ್ಟಿ ನೋಡಬ್ಯಾಡ, ಮುಟ್ಟಿದರ ಬರ್ತದೇನ? ಬರೂದು ಬಂದೇ ಬರ್ತದ. ಇದನ್ನ ಹೆಂಗ ಬಂದ್ ಮಾಡಬೇಕs?"

ಎದುರಿಗೆ ಇಲ್ಲದಾಗಲೂ ಬೈಗಳು. ಸೂಚನೆ ಮರೆತುಹೋಗಬಾರದೆಂದು ಮತ್ತೆ ಮತ್ತೆ ಹಾಕಿ ಕೇಳಿದೆ.

ಫೋನ್ ಮತ್ತೆ ಜಾಗ ಇಲ್ಲ ಅಂದಿತು. ಅತ್ತೆ ದಿನಾ ಹೀಗೆ ರೆಕಾರ್ಡ್ ಮಾಡುತ್ತಾ ಹೋದರೆ ಯಾರನ್ನಾದರೂ ಇಳಿಸಲೇಬೇಕು. ಮೇಡಂ ಅವರನ್ನು ಇಳಿಸಿದೆ. ಒಳ್ಳೆಯ ಹೆಂಗಸು, ಆದರೆ ತುಂಬ ಜಾಗ ತಿನ್ನುತ್ತಿದ್ದರು.

17 ಜುಲೈ, ಮಂಗಳವಾರ

ನಿನ್ನೆ ಡಾಕ್ಟರ್ ಗಂಟಲು ನೋಡಿ, ಊತ ಇಳಿದಿದೆ ಅಂದರು. ಇವತ್ತಿನಿಂದ ದಿನಕ್ಕೆ ಐದು ನಿಮಿಷ ಮೆಲ್ಲಗೆ ಮಾತಾಡಬಹುದು, ಆಮೇಲೆ ವಾರ ವಾರ ಹೆಚ್ಚಿಸಬಹುದು. "ದನಿ ಮೊದಲಿನಂಗ ಅದನೋ ಇಲ್ಲೋ ಮಾತಾಡಿದ ಮ್ಯಾಲ ಗೊತ್ತಾಗ್ತದ. ಅದು ನನ್ನ ಕ್ಯಾಮೆರಾದಾಗ ಕಾಣಂಗಿಲ್ಲ" ಅಂದರು.

ಬೆಳಿಗ್ಗೆಯೇ ಇವರು ಮಿಲ್ಲಿಗೆ ರಜೆ ಹಾಕಿ ಬಂದರು. ಮೊದಲ ಮಾತು ತಮಗೇ ಅಂತ ಗಡ್ಡ ಕೂಡ ಮಾಡಿಸಿಕೊಂಡಿದ್ದರು. ನಾನು ಎಲ್ಲವನ್ನೂ ಯೋಚಿಸಿಟ್ಟಿದ್ದೆ. ಇವರ ಜೊತೆ ಎರಡು ಮಾತು, ಆಮೇಲೆ ಹಿತ್ತಲಿಗೆ ಹೋಗಿ ಮೆಲ್ಲಗೆ "ಕಮಲಾಪುರ" ಅಂದು, ದನಿ ಎಲ್ಲಿ ಒಡೆಯುತ್ತದೆ ಅಂತ ಕಿವಿಗೊಟ್ಟು ಕೇಳುವುದು. ಫೋನಿನ ಟೈಮರಿನಲ್ಲಿ ಐದು ನಿಮಿಷ ಇಟ್ಟು ಕಟ್ಟೆಯ ಮೇಲಿಟ್ಟೆ. ಬಾಯಿ ತೆಗೆಯಲು ಧೈರ್ಯವೇ ಬರಲಿಲ್ಲ. ಇವರು "ಅನ್ನು, ಏನರೆ ಅನ್ನು" ಅಂದರು. ತುಟಿ ಬಿಚ್ಚಿದೆ, ಮುಚ್ಚಿದೆ. ಎಂಥ ದನಿ ಬಂದೀತೋ ಅಂತ ಕಣ್ಣಲ್ಲಿ ನೀರು ಬಂತು.

ಅತ್ತೆ ಇವತ್ತು ಸ್ಟ್ಯಾಂಡಿಗೆ ಹೋಗಿರಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದಳು. ಇದ್ದಕ್ಕಿದ್ದಂತೆ, ಏನು ಸಿಟ್ಟೋ, ಶುರುಮಾಡಿದಳು.

"ಆ ಮೇಡಂ ಎಲ್ಲಿ ಹೋದಳು? ಆಕಿನ್ನ ಯಾಕ ತಗದಿ?"

ನಾನು ಫೋನ್ ತೋರಿಸಿ ಜಾಗ ಇಲ್ಲ ಅಂತ ಕೈ ಆಡಿಸಿದೆ.

"ಆಕಿ ನಿನಗಿಂತ ಛಲೋ ಇದ್ದಳು. ಚಾಹಾ ಮರ್ಯಾದಿಲೆ ಕೇಳ್ತಿದ್ದಳು. ಎದುರ ಮಾತಾಡ್ತಿರಲಿಲ್ಲ. ಅಂಥಾಕಿನ್ನ ಕಳದು ಇಂಥಾಕಿನ್ನ ಕಟಗೊಂಡು ಕುಂತೀನಿ ನಾ!"

ಇದನ್ನು ಕೇಳಿ ಸುಮ್ಮನಿರುವುದು ಯಾರಿಂದ ಸಾಧ್ಯ?

"ಅಷ್ಟು ಛಲೋ ಇದ್ದರ ಆಕಿನ್ನೇ ಸೊಸಿ ಮಾಡಿಕೋಬೇಕಿತ್ತಲ್ಲವ್ವಾ!" ಅಂದೆ.

"ಮಾಡಿಕೋತಿದ್ದೆ! ಈ ನನ್ನ ಮಗ ದತ್ತ್ಯಾಗ ಬುದ್ಧಿ ಇದ್ದರ ಮಾಡಿಕೋತಿದ್ದೆ! ರೊಟ್ಟಿನರೆ ತೆಳ್ಳಗ ಬಡಿತಿದ್ದಳು!"

"ಫೋನಿನಾಗಿನಾಕಿ ರೊಟ್ಟಿ ಬಡಿತಾಳೇನು?"

"ನೀ ಬಡದದ್ದಕ್ಕ ರೊಟ್ಟಿ ಅಂತಾರೇನು?"

"ನೀ ಅದನ್ನ ಎರಡೆರಡು ಸಲ ಹಾಕ್ಕೊಂಡು ತಿಂತಿದ್ದಿ, ನಾ ನೋಡೀನಿ!"

ಇವರು ಬಾಯಿ ತೆರೆದು ಒಮ್ಮೆ ತಾಯಿಯ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಿದ್ದರು. ಅತ್ತೆ ಎದ್ದು ನಿಂತಳು.

"ಹಸದಾಕಿ ಏನರೆ ತಿಂತಾಳ! ಅದಿರಲಿ, ಜಾಗಾ ಯಾಕಿರಲಿಲ್ಲ ಆಕಿಗೆ? ಅದರಾಗ ಏನೇನ್ ತುಂಬೀದಿ?"

"ನಿನ್ನ ಬೈಗಳೇ ತುಂಬ್ಯಾವವ್ವಾ! ಗಂಜಿ ಕುಡಿ, ಬಾಗಲಾ ತಗಿಬ್ಯಾಡ, ಗಂಟಲಾ ಮುಟ್ಟಬ್ಯಾಡ! ಒಂದನ್ನೂ ಅಳಿಸಿಲ್ಲ ನಾ! ಆಕಿ ಎಲ್ಲಿ ಕೂಡಬೇಕು?"

ಟೈಮರ್ ಗಂಟೆ ಹೊಡೆಯಿತು. ಅತ್ತೆ ಫೋನಿನ ಹತ್ತಿರ ಹೋಗಿ ಅದನ್ನು ಕೈಗೆತ್ತಿಕೊಂಡು, ಸೆರಗಿನಿಂದ ಸೀಳಿದ ಗಾಜು ಒರೆಸಿ, ನನ್ನ ಕೈಗೆ ಕೊಟ್ಟಳು.

"ಸಾಕು. ಉಳದದ್ದು ನಾಳಿಗೆ" ಅಂದು ಬಿಸಿನೀರು ತರಲು ಒಳಗೆ ಹೋದಳು.

ಇವರು ಹತ್ತಿರ ಬಂದು ಮೆಲ್ಲಗೆ, "ದನಿ ಹೆಂಗ ಅದ?" ಅಂತ ಕೇಳಿದರು.

ಆಗ ಹೊಳೆಯಿತು. ನಾನು ನೋಡಲೇ ಇಲ್ಲ. ಇಷ್ಟು ದಿನ ಕಾದಿದ್ದ ಐದು ನಿಮಿಷ ಪೂರ್ತಿ ಮುಗಿದುಹೋಗಿತ್ತು, ದನಿ ಎಂಥದ್ದು ಬಂತು, ಎಲ್ಲಿ ಒಡೆಯಿತು, ಒಡೆಯಿತೋ ಇಲ್ಲವೋ, ಒಂದರ ಕಡೆಗೂ ನನ್ನ ಲಕ್ಷ್ಯವಿರಲಿಲ್ಲ. ಗೊತ್ತಿಲ್ಲ ಅಂತ ಕೈ ಆಡಿಸಿದೆ. ಇವರಿಗೂ ಗೊತ್ತಿರಲಿಲ್ಲ, ಜಗಳ ನೋಡುತ್ತಾ ದನಿ ಕೇಳುವುದನ್ನು ಇವರೂ ಮರೆತಿದ್ದರು.

ಒಳಗಿನಿಂದ ಅತ್ತೆ ಹೇಳಿದಳು.

"ಮೊದಲ ಹೆಂಗ ಕೆಟ್ಟ ಇತ್ತೋ ಹಂಗೇ ಅದ. ಏನೂ ಫರಕ ಬಿದ್ದಿಲ್ಲ."